ಕಾಲು ಚಾಚುವ ಸೀಟು

ಭಾನುವಾರ ಹನ್ನೊಂದು ಗಂಟೆಗೆ ಚಾವಡಿ ಮುಂದೆ ಬಂದು ನಿಲ್ಲಬೇಕೆಂದು ಊರ ಯಜಮಾನ ಚಿಕ್ಕಯ್ಯ ಹೇಳಿ ಕಳಿಸಿದಾಗ ಮರಿತಾಯಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹುರುಳಿ ಕೇರುತ್ತಿದ್ದಳು. ಸುದ್ದಿ ತಂದ ಗಣೇಶನ ನೆರಳು ಹೊಸ್ತಿಲ ಮೇಲೆ ಬಿದ್ದದ್ದೇ ತಡ, ಅವಳ ಎರಡೂ ಕಾಲು ತಾವಾಗಿಯೇ ಮಡಚಿಕೊಂಡು ಸೀರೆಯೊಳಗೆ ಸೇರಿಕೊಂಡವು. ಅವನು ಹೇಳುವುದನ್ನು ಹೇಳಿ ಹೋದ ಮೇಲೆ ಅವಳಿಗೆ ನಗು ಬಂತು. ನಲವತ್ತಾರು ವರ್ಷದ ಕಾಲುಗಳು. ಗಂಡಸು ಬಂದಾಗ ಏನು ಮಾಡಬೇಕೆಂದು ಅವುಗಳಿಗೆ ಇನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈಗ ಕರೆ ಬಂದದ್ದೂ ಆ ಕಾಲುಗಳ ವಿಷಯಕ್ಕೇ.

ಮಗಳು ಪ್ರಿಯಾಂಕಳ ನಿಶ್ಚಿತಾರ್ಥಕ್ಕೆ ಎರಡು ವಾರವಿತ್ತು. ಗಂಡಿನ ಕಡೆಯವರು ಕುದೇರಿನವರು. ಹೆಣ್ಣಿನ ಮನೆಯವರು ವೀಳ್ಯದ ತಟ್ಟೆಯನ್ನು ತಮ್ಮೂರ ಚಾವಡಿಗೆ ತಂದಿಡಬೇಕು, ಯಜಮಾನ ಅದರಿಂದ ಒಂದು ಜೊತೆ ಎಲೆ ಎತ್ತಿಕೊಳ್ಳಬೇಕು. ಅದಾದ ಮೇಲೆಯೇ ಗಂಡಿನವರು ಹೊರಡುವುದು. ಯಜಮಾನ ಎಲೆ ಎತ್ತದ ಮನೆಗೆ ಅವರ ಪೈಕಿ ಯಾರೂ ಬೀಗತನಕ್ಕೆ ಕಾಲಿಡುವುದಿಲ್ಲ. ಈ ಭಾನುವಾರ ತಟ್ಟೆ ತರಲಿ, ಆದರೆ ಮೊದಲು ಮರಿತಾಯಮ್ಮ ಚಾವಡಿ ಮುಂದೆ ನಿಂತು ಎಲ್ಲರೂ ಕೇಳುವಂತೆ ತಪ್ಪಾಯಿತೆಂದು ಹೇಳಲಿ, ಆಮೇಲೆ ಎಲೆ ಎತ್ತುವ ಮಾತು ಎಂದು ಚಿಕ್ಕಯ್ಯ ಹೇಳಿ ಕಳಿಸಿದ್ದ.

ತಪ್ಪು ಎಂದರೆ ಇಷ್ಟೇ. ಹತ್ತು ದಿನದ ಹಿಂದೆ ಅವಳು ಒಂದು ಕಾರಿನಲ್ಲಿ ಮನೆಗೆ ಬಂದಿದ್ದಳು.

ಮರಿತಾಯಮ್ಮ ಗುಂಡ್ಲುಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಾಳೆ. ಹನ್ನೊಂದು ವರ್ಷವಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಸಂಜೆ ಏಳರವರೆಗೆ ನಿಂತೇ ಇರಬೇಕು. ಗಿರಾಕಿ ಇದ್ದಾಗ ಸರಿ, ಇಲ್ಲದಾಗಲೂ ಕೂರುವಂತಿಲ್ಲ. ಕೂತವರನ್ನು ಕಂಡರೆ ಗಿರಾಕಿಗೆ ಅಂಗಡಿ ನಡೆಯುತ್ತಿಲ್ಲವೆಂದು ಅನ್ನಿಸುತ್ತದಂತೆ. ಓಣಂ ಹತ್ತಿರ ಬಂದರೆ ವಯನಾಡಿನವರು ಗುಂಪುಗುಂಪಾಗಿ ಇಳಿಯುತ್ತಾರೆ. ಆಗ ಊಟಕ್ಕೂ ನಿಂತುಕೊಂಡೇ ಎರಡು ತುತ್ತು. ಹೋದ ಸಲ ಒಬ್ಬ ಹೆಂಗಸು ಸೀರೆ ನೋಡುವುದನ್ನು ಬಿಟ್ಟು ಇವಳ ಕಾಲನ್ನೇ ನೋಡಿ, "ಇರಿಕ್ಕಾನ್ ಸ್ಟೂಲ್ ಇಲ್ಲೇ?" ಎಂದು ಕೇಳಿದ್ದಳು. ಕೂರಲು ಸ್ಟೂಲ್ ಇಲ್ಲವೇ ಎಂದು. ತಮ್ಮ ಕಡೆ ಅಂಗಡಿಯವರು ಕೂರಲು ಜಾಗ ಕೊಡಲೇಬೇಕೆಂದು ಕಾನೂನು ಬಂದಿದೆಯಂತೆ. ಗಡಿಯಿಂದ ಆಚೆ ಕಾಲಿಗೂ ಕಾನೂನಿದೆಯಲ್ಲ ಎಂದು ಮರಿತಾಯಮ್ಮ ಅವತ್ತಿಡೀ ಅದನ್ನೇ ಯೋಚಿಸಿದ್ದಳು.

ಕಾರು ಹತ್ತಿದ ದಿನ ಮಾಲೀಕರ ಸಂಬಂಧಿಕರ ಮನೆಯಲ್ಲಿ ಏನೋ ಕಾರ್ಯವಿದ್ದು ಅಂಗಡಿ ಮೂರಕ್ಕೇ ಮುಚ್ಚಿತು. ಅವಳು ಚಾಮರಾಜನಗರ ರಸ್ತೆಯ ಬಸ್‌ಸ್ಟಾಪಿನಲ್ಲಿ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ ಕೊಕ್ಕರೆಯ ಹಾಗೆ ನಿಂತಿದ್ದಳು. ಎರಡು ಬಸ್ಸು ತುಂಬಿ ಹೋದವು. ಆಮೇಲೆ ಆ ಕಾರು ಬಂತು.

ಕಪ್ಪು ಕಾರು. ಎಷ್ಟು ಉದ್ದವೆಂದರೆ ಅದರ ಮೂತಿ ಇವಳ ಮುಂದೆ ನಿಂತಾಗ ಬಾಲ ಆಚೆಯ ಬಾಳೆಹಣ್ಣಿನ ಗಾಡಿಯನ್ನು ಮರೆ ಮಾಡಿತ್ತು. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಬೆಳ್ಳಿ ಬಣ್ಣದ ಸಣ್ಣ ಗೊಂಬೆ. ಹಿಂದಿನ ಕಿಟಕಿಗಳಿಗೆ ಪರದೆ. ಡ್ರೈವರ್ ಇರಬೇಕಾದ ಬಲಗಡೆ ಯಾರೂ ಇರಲಿಲ್ಲ. ಈಚೆಯ ಕಿಟಕಿ ಇಳಿಸಿ ಒಬ್ಬ ಮಾತಾಡಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಮುಂದೆಯೇ ಸ್ಟೇರಿಂಗ್ ಇತ್ತು. ಹೆಸರು ಸೆಲ್ವಂ ಎಂದು ಆಮೇಲೆ ಗೊತ್ತಾಯಿತು. ತಮಿಳು ಬೆರೆತ ಕನ್ನಡದಲ್ಲಿ ಚಾಮರಾಜನಗರದ ದಾರಿ ಇದೇನಾ, ಫೋನು ಎಲ್ಲೆಲ್ಲೋ ತಿರುಗಿಸುತ್ತಿದೆ ಎಂದ. ಅವಳು ದಾರಿ ಹೇಳುತ್ತಿದ್ದಾಗ ಅವನ ಹಿಂದಿನ ಪರದೆ ಸರಿಯಿತು. ಎಂಬತ್ತರ ಹತ್ತಿರದ ಒಬ್ಬ ಮುದುಕಿ, ಬೆಳ್ಳಗಿನ ಗುಂಗುರು ಕೂದಲು, ಸಣ್ಣ ಕಣ್ಣು. ಅವಳು ಮರಿತಾಯಮ್ಮನ ಮುಖ ನೋಡಲಿಲ್ಲ, ಕಾಲು ನೋಡಿದಳು. ಏನೋ ಹೇಳಿದಳು.

"ಎಷ್ಟೊತ್ತಿಂದ ನಿಂತಿದೀರಾ ಅಂತ ಅಮ್ಮ ಕೇಕ್ರಾಂಗ," ಎಂದ ಸೆಲ್ವಂ.

"ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದ ಬಸ್ಸೇ ಬರ್ಲಿಲ್ವಾಮ್ಮಾ?"

"ಬಸ್‌ಗಲ್ಲ ಕಣಪ್ಪ. ಅಂಗಡೀಲಿ."

ಅವನು ಹಿಂದೆ ತಿರುಗಿ ಅದನ್ನು ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ. ಮುದುಕಿ ತನ್ನ ಪಕ್ಕದ ಖಾಲಿ ಸೀಟನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಸೊಸೆಗೆ ಮಣೆ ಹಾಕಿ ಊಟಕ್ಕೆ ಕರೆಯುವವರ ಹಾಗೆ.

ಯಾಕೆ ಹತ್ತಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಹತ್ತಬಾರದೆಂದು ಅವಳ ತಲೆ ಹೇಳುವಷ್ಟರಲ್ಲಿ ಕಾಲು ಕಾರನ್ನು ಸುತ್ತಿಕೊಂಡು ಆಚೆಯ ಬಾಗಿಲಿಗೆ ಹೋಗಿತ್ತು, ಅಷ್ಟೇ.

ಕೂತ ಮೇಲೆ ಮುದುಕಿ ಬಗ್ಗಿ ಯಾವುದೋ ಗುಂಡಿ ಒತ್ತಿದಳು. ಮುಂದಿನ ಸೀಟು ತಾನಾಗಿಯೇ ಮುಂದಕ್ಕೆ ಜರುಗಿತು. ಕೆಳಗಿನಿಂದ ಮೆತ್ತನೆಯ ಹಲಗೆಯೊಂದು ಎದ್ದು ಬಂದು ಮರಿತಾಯಮ್ಮನ ಮೀನಖಂಡಗಳನ್ನು ಎತ್ತಿ ಹಿಡಿಯಿತು. ಅವಳು ಗಾಬರಿಯಿಂದ ಕಾಲು ಮಡಚಿಕೊಳ್ಳಲು ಹೋದಳು; ಎದುರಿಗೆ ಗಂಡಸು ಗಾಡಿ ಓಡಿಸುತ್ತಿದ್ದಾನೆ. ಮುದುಕಿ ಅವಳ ಮಂಡಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು. ಒಣಗಿದ, ಬೆಚ್ಚಗಿನ ಕೈ. ಊದಿದ ಹಿಮ್ಮಡಿ ನೋಡಿ ಲೊಚಗುಟ್ಟಿದಳು. ಆ ಸದ್ದನ್ನು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಅತ್ತೆ ಪುಟ್ಟಸಿದ್ದಮ್ಮ ಲೊಚಗುಟ್ಟುವುದೂ ಹಾಗೆಯೇ.

ಈ ಕಾರನ್ನು ಧಣಿಗಳು, ಅಮ್ಮನ ಗಂಡ, ಕೊರಿಯಾದಿಂದ ಹಡಗಿನಲ್ಲಿ ತರಿಸಿಕೊಂಡದ್ದು, ಅವರಿಗೆ ಚೆನ್ನೈ ಕಡೆ ಫ್ಯಾಕ್ಟರಿ ಕೆಲಸವಿತ್ತು, ಅವರು ತೀರಿಹೋಗಿ ಮೂರು ವರ್ಷವಾಯಿತು ಎಂದು ಸೆಲ್ವಂ ದಾರಿಯಲ್ಲಿ ಹೇಳಿದ. ವಯನಾಡಿನ ಕಾಡೆಂದರೆ ಅವರಿಗೆ ಬಹಳ ಇಷ್ಟವಂತೆ. ಅದಕ್ಕೇ ಈಕೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರುತ್ತಾರೆ. "ಅದು ಅಯ್ಯಾ ಸೀಟು. ಅವರು ಹೋದ ಮೇಲೆ ಖಾಲಿನೇ. ಅಮ್ಮ ಕೂಡ ಕೂರಲ್ಲ. ಇವತ್ತೇ ಫಸ್ಟು."

ಮರಿತಾಯಮ್ಮ ತಿರುಗಿ ನೋಡಿದಳು. ಮುದುಕಿ ಕಣ್ಣು ಮುಚ್ಚಿಕೊಂಡಿದ್ದಳು, ಕೈ ಮಾತ್ರ ಇವಳ ಮಂಡಿಯ ಮೇಲೆಯೇ ಇತ್ತು.

ನೋವು ಇಳಿದು ಹೋಗಲಿಲ್ಲ. ಅದು ಕಾಲಿನಿಂದ ಹೊರಗೆ ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ಇಷ್ಟು ವರ್ಷ ಅದು ತನ್ನೊಳಗೇ ಇತ್ತೆಂದು ಮರಿತಾಯಮ್ಮನಿಗೆ ತಿಳಿದದ್ದೇ ಆಗ. ಅದೇ ರಸ್ತೆ, ದಿನಾ ಬಸ್ಸಿನಲ್ಲಿ ಜೋತುಬಿದ್ದು ಬರುವ ರಸ್ತೆ. ಆದರೆ ಬಸ್ಸಿನಲ್ಲಿ ಕಾಣುತ್ತಿದ್ದದ್ದು ಜನರ ಬೆನ್ನು, ಬೆವರಿದ ಕಂಕುಳು. ಇವತ್ತು ಹುಣಸೆ ಮರಗಳ ತುದಿ ಕಂಡಿತು. ಕೊಯ್ಲಾಗದ ಚೆಂಡುಹೂವಿನ ಹೊಲಗಳು ಕಿಟಕಿಯ ಅಂಚಿನಲ್ಲಿ ಕಿತ್ತಳೆ ಗೆರೆಯ ಹಾಗೆ ಓಡಿದವು. ನಿದ್ದೆ ಎಳೆಯುತ್ತಿತ್ತು, ಆದರೆ ಮಲಗಿದರೆ ಇದು ಮುಗಿದುಹೋಗುತ್ತದೆಂದು ಅವಳು ಹಟ ಮಾಡಿ ಎಚ್ಚರವಿದ್ದಳು.

ತೆರಕಣಾಂಬಿ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಿತು. ಅಲ್ಲಿ ಕೆಲಸ ಮಾಡುವ ಗಿರೀಶ ಅವಳೂರಿನವನೇ, ಕಾರೆಂದರೆ ಊಟ ಬಿಡುವವನು. ಅವನು ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿಟ್ಟು ಕಾರಿನ ಸುತ್ತ ಎರಡು ಸುತ್ತು ಬಂದು, ದೂರ ಓಡಿ, ಫೋನಿನಲ್ಲಿ ಫೋಟೊ ತೆಗೆದ. ಪರದೆ ಸರಿದಿದ್ದದ್ದು ಅವನಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ.

ಹರವೆ ಕಡೆಗೆ ಒಡೆಯುವ ದಾರಿಯಲ್ಲಿ ಇಳಿಯುತ್ತೇನೆಂದು ಅವಳು ಹೇಳಿದರೂ ಮುದುಕಿ ಕೇಳಲಿಲ್ಲ. ಮನೆಯವರೆಗೂ ಬಿಡಬೇಕೆಂದು ಸೆಲ್ವಂಗೆ ಕೈಸನ್ನೆ ಮಾಡಿದಳು. ಎಡವಟ್ಟಾದದ್ದು ಅಲ್ಲಿ. ಆ ಉದ್ದದ ಕಾರು ಅವರೂರಿನ ಬೀದಿಯಲ್ಲಿ ತಿರುಗುವುದಿಲ್ಲ. ಚಾವಡಿಯ ಮುಂದಿನ ಬಯಲೊಂದೇ ಜಾಗ.

ಚಾವಡಿಯಲ್ಲಿ ಯಜಮಾನ ಚಿಕ್ಕಯ್ಯ ಇನ್ನೂ ನಾಲ್ಕು ಜನರ ಜೊತೆ ಕೂತಿದ್ದ. ಪರದೆ ಹಾಕಿದ ಕಪ್ಪು ಕಾರು ಊರೊಳಕ್ಕೆ ಬಂದರೆ ಯಾರೆಂದು ತಿಳಿಯಬೇಕು? ಮಿನಿಸ್ಟರೇ ಎಂದುಕೊಂಡು ಅವನು ದಡಬಡಿಸಿ ಇಳಿದು ಬಂದ. ಅಡ್ಡ ನಿಂತಿದ್ದ ಟ್ರ್ಯಾಕ್ಟರನ್ನು ತೆಗೆಸಿದ. "ಬರ್ಲಿ, ಬರ್ಲಿ, ಲೆಫ್ಟ್‌ಗೆ ಕಟ್ ಮಾಡಿ," ಎಂದು ಕಾರಿನ ಹಿಂದೆ ನಿಂತು ತಾನೇ ಕೈ ಆಡಿಸಿ ತಿರುಗಿಸಿಕೊಟ್ಟ. ನಾಲ್ಕು ಸಲ ಹಿಂದೆ ಮುಂದೆ ಆಗಿ ಕಾರು ನಿಂತಾಗ ಹೆಗಲ ಮೇಲಿನ ಟವಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಕೈ ಮುಗಿದು, ಸ್ವಲ್ಪ ಬಗ್ಗಿ ನಿಂತ.

ಬಾಗಿಲು ತೆರೆಯಿತು. ಮೊದಲು ಕಂಡದ್ದು ನೀಲಿ ಹವಾಯಿ ಚಪ್ಪಲಿ. ಆಮೇಲೆ ಮರಿತಾಯಮ್ಮ.

ಚಾವಡಿಯ ಮೇಲಿಂದ ಶಿವಮಲ್ಲು, "ಯಜಮಾನ್ರೇ, ನಿಮ್ಮ ಮಿನಿಸ್ಟ್ರಮ್ಮ ಇಳುದ್ರು, ಹಾರ ಎಲ್ಲಿ?" ಎಂದ. ಚಾವಡಿಗೆ ಚಾವಡಿಯೇ ನಕ್ಕಿತು. ಚಿಕ್ಕಯ್ಯನ ಮುಗಿದ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಅದೊಂದೇ ಆಗಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತೇನೋ. ಆದರೆ ಮೂರನೆಯ ದಿನಕ್ಕೆ ಗಿರೀಶ ಹಾಕಿದ್ದ ಫೋಟೊ ಊರ ಫೋನುಗಳಿಗೆಲ್ಲ ಬಂತು. ಇಂಥ ಕಾರು ನಮ್ಮ ದೇಶದಲ್ಲಿ ಎಲ್ಲೋ ಒಂದೆರಡು ಇರಬಹುದು, ನಮ್ಮ ಬಂಕಿಗೇ ಬಂದಿತ್ತು ಎಂದು ಅವನು ಬರೆದಿದ್ದ. ಅದನ್ನು ಯಾರೋ ಎಲ್ಲಿಗೋ ಕಳಿಸಿ, ಕಾರಿನ ಹುಚ್ಚಿನವರೆಲ್ಲ ನೋಡಿ, ಕೊನೆಗೆ ಕೊರಿಯಾದವರೇ ತಮ್ಮ ಲಿಪಿಯಲ್ಲಿ ಸಾಲುಸಾಲು ಬರೆಯತೊಡಗಿದರು. ನಮ್ಮ ಹಳೇ ಗಾಡಿ ಅಷ್ಟು ದೂರದಲ್ಲಿ ಇನ್ನೂ ಓಡುತ್ತಿದೆಯಲ್ಲ ಎಂದು ಅವರಿಗೆ ಖುಷಿ. ಊರಿನವರು ಕಾರನ್ನು ನೋಡಲೇ ಇಲ್ಲ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಹಿಂದಿನ ಕಿಟಕಿ ನೋಡಿದರು. ಪರದೆಯ ಸಂದಿಯಲ್ಲಿ ಮರಿತಾಯಮ್ಮ ಒರಗಿ ಕೂತಿದ್ದಳು. ಎರಡೂ ಕಾಲು ಉದ್ದಕ್ಕೆ ಚಾಚಿದ್ದವು. ಹಿಮ್ಮಡಿಯ ಬಿರುಕು ಕೂಡ ಕಾಣುತ್ತಿತ್ತು.

ಚಿಕ್ಕಯ್ಯನಿಗೆ ಬೇಕಾದದ್ದು ಸಿಕ್ಕಿತು. ಕೈ ಮುಗಿದು ನಿಂತ ಅವಮಾನವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಇದನ್ನು ಹೇಳಬಹುದಿತ್ತು. "ಕಂಡೋರ್ ಕಾರಲ್ಲಿ ಕಾಲ್ ಚಾಚ್ಕಂಡು ಬಿದ್ದಿರೋಳ ಮನೆ ವೀಳ್ಯನ ನಾನ್ ಎಂಗ್ಲಾ ಎತ್ಲಿ?" ಎಂದು ಅವಳ ಗಂಡ ಪುಟ್ಟಮಾದುವನ್ನು ಹಾಲಿನ ಡೈರಿಯ ಮುಂದೆ ನಿಲ್ಲಿಸಿ ಕೇಳಿದನಂತೆ.

ಪುಟ್ಟಮಾದು ಕೆಟ್ಟವನಲ್ಲ. ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ಯಾರ ಜೊತೆಯೂ ದನಿ ಎತ್ತಿದವನಲ್ಲ, ಹೆಂಡತಿಯ ಜೊತೆಯೂ. ಗಣೇಶ ಬಂದುಹೋದ ಸಂಜೆ ಅವನು ಒಂದು ದಾರಿ ತಂದ. ಆ ದಾರಿಯನ್ನು ತೋರಿಸಿದವನೂ ಚಿಕ್ಕಯ್ಯನೇ. ಅವನಿಗೂ ಎರಡು ಕಡೆಯವರ ಮದುವೆ ಮುರಿಯುವುದು ಬೇಕಿರಲಿಲ್ಲ. ಕಾರು ಕಪ್ಪಗೆ ಉದ್ದಕ್ಕಿತ್ತು, ಪರದೆ ಇತ್ತು, ಆಂಬುಲೆನ್ಸೇ ಅನ್ನಬಹುದು. ಬಸ್‌ಸ್ಟಾಪಿನಲ್ಲಿ ತಲೆ ಸುತ್ತಿ ಬಿದ್ದೆ, ಯಾರೋ ಎತ್ತಿ ಮಲಗಿಸಿದರು, ಕಾಲು ಹೇಗಿತ್ತೋ ನನಗೆ ಗೊತ್ತಿಲ್ಲ, ಆದರೂ ಚಾವಡಿಗೆ ತಪ್ಪಾಯಿತು ಎಂದು ಅವಳು ಹೇಳಿದರೆ ಸಾಕು. ಎಲ್ಲರೂ ನಂಬುತ್ತಾರೆ. ನಂಬಲು ಎಲ್ಲರೂ ತಯಾರಾಗಿಯೇ ಇದ್ದಾರೆ.

"ಫೋಟೋದಲ್ಲಿ ಕಣ್ ಬಿಟ್ಕಂಡೇ ಇವ್ನಿ," ಎಂದಳು ಮರಿತಾಯಮ್ಮ.

"ಅದ್ಯಾರ್ ಕೇಳಾರು ಬುಡು."

ಪ್ರಿಯಾಂಕ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಗಂಡು ಮಹದೇವನನ್ನು ಅವಳೇ ಒಪ್ಪಿದ್ದು. ಮೂರು ದಿನದಿಂದ ತಾಯಿಯ ಜೊತೆ ಮಾತು ಕಡಿಮೆಯಾಗಿತ್ತು. ಈಗ ಬಾಗಿಲಿಗೆ ಬಂದು ನಿಂತು, "ಸುಮ್ನೆ ಕುಂತಿದ್ರೆ ಸಾಕಾಗಿತ್ತಲ್ಲವ್ವ. ಕಾಲ್ ಯಾಕ್ ಚಾಚಕ್ ಓದೆ?" ಎಂದಳು.

ಬೇರೆ ಯಾರು ಏನೆಂದರೂ ಮರಿತಾಯಮ್ಮನಿಗೆ ಅಷ್ಟು ನಾಟುತ್ತಿರಲಿಲ್ಲ. ಈ ಮಗುವಿಗೆ ಎಣ್ಣೆ ಹಚ್ಚಿ ನೀರು ಹುಯ್ದದ್ದು ಇದೇ ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು. ಆಗ ಯಾರೂ ಏನೂ ಅನ್ನಲಿಲ್ಲ. ಮಗುವಿಗೆ ಎರೆಯಲು, ಕಾಳು ಕೇರಲು, ಬಾಣಂತಿತನಕ್ಕೆ, ಕಾಯಿಲೆಗೆ, ಕೊನೆಗೆ ಚಟ್ಟಕ್ಕೆ. ಹೆಂಗಸಿನ ಕಾಲು ಉದ್ದವಾಗಲು ಇಷ್ಟು ಕಾರಣ ಒಪ್ಪಿಗೆಯಾಗಿದ್ದವು. ಸುಮ್ಮನೆ ನೋವಾಗುತ್ತದೆಂದು ಚಾಚುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಈಗ ಆಂಬುಲೆನ್ಸ್ ಎಂದುಬಿಟ್ಟರೆ ಅದನ್ನು ಮತ್ತೆ ಕಾಯಿಲೆಗೆ ಸೇರಿಸಿದಂತಾಗುತ್ತದೆ. ನಲವತ್ತು ನಿಮಿಷ ತನ್ನದಾಗಿದ್ದದ್ದನ್ನು ತನ್ನ ಬಾಯಿಂದಲೇ ಇಲ್ಲವೆನ್ನಬೇಕು.

ಮಗಳಿಗೆ ಅವಳು ಇದನ್ನೆಲ್ಲ ಹೇಳಲಿಲ್ಲ. "ನೋಯ್ತಿತ್ತು ಕಣಮ್ಮಿ," ಎಂದಳು, ಅಷ್ಟೇ.

ಗಿರೀಶ ಶನಿವಾರ ಬಂದ. ಮುಖ ಚಿಕ್ಕದಾಗಿತ್ತು. ತಾನು ಕಾರನ್ನು ಮಾತ್ರ ನೋಡಿದ್ದು, ಅತ್ತೆಮ್ಮಾ, ನೀವು ಒಳಗಿದ್ದದ್ದು ದೇವರಾಣೆಗೂ ಗೊತ್ತಿರಲಿಲ್ಲ, ಈಗಲೇ ಅಳಿಸಿಬಿಡುತ್ತೇನೆ ಎಂದ. ಅಳಿಸುವ ಮೊದಲು ಒಂದು ಸಲ ತೋರಿಸು ಎಂದು ಮರಿತಾಯಮ್ಮ ಫೋನು ಇಸಿದುಕೊಂಡಳು. ಅವಳು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮದುವೆಯ ಫೋಟೊದಲ್ಲಿ ಅವಳು ನಿಂತಿದ್ದಾಳೆ, ಪುಟ್ಟಮಾದು ಕುರ್ಚಿಯಲ್ಲಿ ಕೂತಿದ್ದಾನೆ. ಅಂಗಡಿಯವರು ದಸರೆಗೆ ತೆಗೆಸಿದ ಫೋಟೊದಲ್ಲಿ ಕೊನೆಯ ಸಾಲಿನಲ್ಲಿ ನಿಂತಿದ್ದಾಳೆ. ಇದರಲ್ಲಿ ಯಾರೋ ಒಬ್ಬ ಹೆಂಗಸು ತನ್ನ ಸೀಟಿನಲ್ಲಿ ತಾನು ಕೂತು ಹೊರಗೆ ನೋಡುತ್ತಿದ್ದಳು. ಅವಳ ಹುಬ್ಬಿನ ನಡುವೆ ಗಂಟು ಇರಲಿಲ್ಲ.

ಕೆಳಗೆ ಬರೆದಿದ್ದ ಕೊರಿಯಾದ ಅಕ್ಷರಗಳು ಏನು ಹೇಳುತ್ತವೆಂದು ಕೇಳಿದಳು. ಗಿರೀಶ ಫೋನಿನಲ್ಲೇ ಕನ್ನಡ ಮಾಡಿಸಿದ. ಹೆಚ್ಚಿನವು ಇಂಜಿನ್ನು, ಚಕ್ರ, ಇಸವಿ. ಒಂದು ಮಾತ್ರ, ಆ ಸೀಟು ಮಾಡಿದ್ದು ಹೀಗೆ ಕೂರಲಿಕ್ಕೇ, ಈ ಅಮ್ಮನಿಗೆ ಸರಿಯಾಗಿ ಕೂರುವುದು ಗೊತ್ತಿದೆ ಎಂದಿತ್ತು. ಮರಿತಾಯಮ್ಮ ಅದನ್ನು ಎರಡು ಸಲ ಓದಿಸಿದಳು.

"ಅಳಿಸ್ಬೇಡ ಬುಡು," ಎಂದು ಫೋನು ವಾಪಸ್ಸು ಕೊಟ್ಟಳು.

ಆ ಸಂಜೆ ಅತ್ತೆ ಪುಟ್ಟಸಿದ್ದಮ್ಮ ಹಿತ್ತಿಲ ಬಾಗಿಲಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಪ್ಪತ್ತೈದು ದಾಟಿದ ಮೇಲೆ ಕೀಲು ಮಡಚುವುದು ಕಷ್ಟ. ಪುಟ್ಟಮಾದು ಹಿತ್ತಿಲಿಗೆ ಹೋಗಬೇಕಿತ್ತು. "ಅವ್ವ, ಕಾಲು," ಎಂದು ನಿಂತ. ಅವಸರವಿದ್ದರೂ ಚಾಚಿದ ಕಾಲನ್ನು ದಾಟುವಂತಿಲ್ಲ. ದಾಟಿದವರಿಗೂ ಆಗದು, ದಾಟಿಸಿಕೊಂಡವರಿಗೂ ಆಗದು. ಮಕ್ಕಳು ಮರೆತು ದಾಟಿದರೂ ವಾಪಸ್ಸು ದಾಟಿಸಿ ಕಳಿಸುವ ಊರು ಅದು. ಮುದುಕಿ ಒಂದೊಂದೇ ಕಾಲನ್ನು ಕೈಯಲ್ಲಿ ಹಿಡಿದು ಮಡಚುವವರೆಗೂ ಅವನು ಕಾದ. ಅವನು ಹೋದ ಮೇಲೆ ಮುದುಕಿ ಮತ್ತೆ ಚಾಚಿಕೊಂಡಳು.

"ಮರಿತಾಯಿ," ಎಂದಳು. ಸೊಸೆ ಒಲೆಯ ಮುಂದಿನಿಂದ ತಿರುಗಿದಳು.

"ಆ ಕಾರಲ್ಲಿ... ಕಾಲ್ ಚಾಚ್ದಾಗ ಎಂಗಿತ್ತಮ್ಮಿ?"

ಮರಿತಾಯಮ್ಮ ಊದುಕೊಳವೆ ಕೆಳಗಿಟ್ಟಳು. ಈ ಪ್ರಶ್ನೆಯನ್ನು ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಯಾಕೆ ಎಂದು ಕೇಳಿದ್ದರು, ಹೇಗಿತ್ತು ಎಂದು ಯಾರೂ ಕೇಳಿರಲಿಲ್ಲ.

"ಚೆನ್ನಾಗಿತ್ತು ಕಣತ್ತೆ," ಎಂದಳು. ಆಮೇಲೆ ಯಾಕೋ ಕಣ್ಣಲ್ಲಿ ನೀರು ಬಂದು, ಹೊಗೆಗೆ ಎಂಬ ಹಾಗೆ ಸೆರಗಿನಲ್ಲಿ ಒರೆಸಿಕೊಂಡಳು. ಮುದುಕಿ ಲೊಚಗುಟ್ಟಿದಳು.

ಭಾನುವಾರ ಬಿಸಿಲು ಚುರುಕಾಗಿತ್ತು. ಅವರೂರ ಚಾವಡಿ ಹಳೆಯದು. ಸೊಂಟಮಟ್ಟದ ಕಲ್ಲು ಜಗಲಿ, ಮೂರು ಕಡೆ ಗೋಡೆ, ಮುಂದೆ ಮರದ ಕಟಕಟೆ. ನಡುವೆ ಎರಡು ಕಲ್ಲುಕಂಬ, ಕಂಬಗಳ ನಡುವೆ ಮೂರು ಮೆಟ್ಟಿಲು. ಹತ್ತಲಿಕ್ಕೂ ಇಳಿಯಲಿಕ್ಕೂ ಅದೊಂದೇ ದಾರಿ. ಹೆಂಗಸರು ಮೆಟ್ಟಿಲು ಹತ್ತುವುದಿಲ್ಲ, ಕೆಳಗೆ ಬಯಲಿನಲ್ಲಿ ನಿಲ್ಲುತ್ತಾರೆ. ಮೇಲೆ ಚಿಕ್ಕಯ್ಯ, ಶಿವಮಲ್ಲು, ಇನ್ನೂ ಆರೇಳು ಜನ ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಕೆಳಗೆ ಅರ್ಧ ಊರು ಸೇರಿತ್ತು. ಪ್ರಿಯಾಂಕ ವೀಳ್ಯದ ತಟ್ಟೆ ಹಿಡಿದು ಅಪ್ಪನ ಪಕ್ಕ ನಿಂತಿದ್ದಳು. ಪುಟ್ಟಸಿದ್ದಮ್ಮ ಕೋಲೂರಿಕೊಂಡು ಬಂದಿದ್ದಳು.

ಚಿಕ್ಕಯ್ಯ ಮಾತು ಬೆಳೆಸಲಿಲ್ಲ. ಮೆತ್ತಗೆಯೇ ಕೇಳಿದ. ಅವತ್ತು ಮೈಗೆ ಹುಷಾರಿರಲಿಲ್ಲವಂತೆ, ತಲೆ ಸುತ್ತಿತ್ತಂತೆ, ಹೌದಾ? ಹೌದು ಎನ್ನುವುದನ್ನೂ ಅವನೇ ಅರ್ಧ ಹೇಳಿಕೊಟ್ಟಂತಿತ್ತು. ಪುಟ್ಟಮಾದು ಹೆಂಡತಿಯ ಕಡೆ ನೋಡಿದ.

"ಇಲ್ಲ," ಎಂದಳು ಮರಿತಾಯಮ್ಮ. "ಹುಷಾರಾಗೇ ಇದ್ದೆ. ಕಾಲು ನೋಯ್ತಿತ್ತು. ಆ ಅಜ್ಜಿ ಕುಂತ್ಕೊ ಅಂದ್ರು, ಕುಂತ್ಕಂಡೆ. ಚಾಚು ಅಂದ್ರು, ಚಾಚ್ದೆ."

"ಅದೇ ತಪ್ಪಾಯ್ತು ಅನ್ನು. ಒಂದ್ ಮಾತು. ಆಮ್ಯಾಲೆ ನಿನ್ ಮಗಳ ವೀಳ್ಯ ಎತ್ತೀನಿ."

"ತಪ್ಪಾಗ್ನಿಲ್ಲವಲ್ಲ ಯಜಮಾನ್ರೇ, ಎಂಗೆ ಅನ್ಲಿ?"

ಮೇಲೆ ಗುಸುಗುಸು ಶುರುವಾಯಿತು. ಚಿಕ್ಕಯ್ಯನ ದನಿ ಗಟ್ಟಿಯಾಯಿತು. ಎಲೆ ಎತ್ತುವುದಿಲ್ಲ, ಕುದೇರಿಗೆ ಇವತ್ತೇ ಹೇಳಿ ಕಳಿಸುತ್ತೇನೆ ಎಂದ. ಹೆಂಗಸರಿಗೆ ಮಾನವೆಂಬುದು ಕಾಲಿನಲ್ಲಿರುತ್ತದೆ ಎಂದೂ ಏನೋ ಸೇರಿಸಿದ.

ಮರಿತಾಯಮ್ಮ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸಿದಳು. ಬೆಳಿಗ್ಗೆಯಿಂದ ನಿಂತೇ ಇದ್ದಳು. ವಾರವೆಲ್ಲ ಅಂಗಡಿಯಲ್ಲಿ ನಿಂತದ್ದು, ಬಸ್ಸಿನಲ್ಲಿ ನಿಂತದ್ದು, ಈಗ ಇಲ್ಲಿ. ಮೇಲಿದ್ದವರೆಲ್ಲ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮಂಡಿಯ ಮೇಲೆ ಒಣಗಿದ ಬೆಚ್ಚಗಿನ ಕೈಯೊಂದು ಒತ್ತಿದ ಹಾಗಾಯಿತು.

ಅವಳು ಚಪ್ಪಲಿ ಬಿಟ್ಟಳು. ಮೂರು ಮೆಟ್ಟಿಲು ಹತ್ತಿದಳು. 'ಏಯ್' ಎಂದು ಯಾರೋ ಅಂದರು, ಅಷ್ಟರಲ್ಲಿ ಅವಳು ಎರಡು ಕಂಬಗಳ ನಡುವೆ ಕೂತು, ಒಂದು ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲನ್ನು ಇನ್ನೊಂದು ಕಂಬದವರೆಗೆ ಉದ್ದಕ್ಕೆ ಚಾಚಿದಳು. ಬಿರುಕುಬಿಟ್ಟ ಹಿಮ್ಮಡಿ ಕಲ್ಲಿಗೆ ತಾಗಿತು. ತಣ್ಣಗಿತ್ತು.

"ಏನಮ್ಮಿ ಇದು?" ಎಂದ ಚಿಕ್ಕಯ್ಯ.

"ನೋಯ್ತಾದೆ," ಎಂದಳು. "ನೀವೆಲ್ಲ ಕುಂತೇ ಇದ್ದೀರಿ, ನಿಮಗೆ ಗೊತ್ತಾಗಾಕಿಲ್ಲ. ನಾನು ಹನ್ನೊಂದು ವರ್ಷದಿಂದ ನಿಂತಿವ್ನಿ. ನಾನು ತಲೆ ಸುತ್ತಿ ಬಿದ್ದಿದ್ರೆ ಸರಿ, ಸತ್ತು ಮಲಗಿದ್ರೂ ಸರಿ, ಬದುಕಿದ್ದು ಕಾಲ್ ಚಾಚುದ್ರೆ ತಪ್ಪು ಅಂತೀರಿ. ಅದನ್ನ ನಾನು ಒಪ್ಪಾಕಿಲ್ಲ."

ಪುಟ್ಟಮಾದು ಕೆಳಗಿನಿಂದ, "ಏಳಮ್ಮಿ, ಮನೆಗೋಗನ," ಎಂದ. ಅವಳು ಏಳಲಿಲ್ಲ.

ಚಾವಡಿಯಲ್ಲಿದ್ದವರಿಗೆ ವಿಷಯ ನಿಧಾನವಾಗಿ ತಿಳಿಯಿತು. ಸಭೆ ಮುಗಿಯಿತು, ಹೊರಡೋಣ ಎಂದು ಒಬ್ಬ ಎದ್ದು ಮೆಟ್ಟಿಲಿನ ಹತ್ತಿರ ಬಂದು ನಿಂತುಬಿಟ್ಟ. ಮುಂದೆ ಚಾಚಿದ ಕಾಲು. ಇನ್ನೊಬ್ಬ ಕಟಕಟೆಯ ಮೇಲಿಂದ ಬಗ್ಗಿ ಜಗಲಿಯ ಎತ್ತರ ನೋಡಿದ. ಎಪ್ಪತ್ತು ವರ್ಷದ ಮಂಡಿಗೆ ಅದು ಹಾರುವ ಎತ್ತರವಾಗಿರಲಿಲ್ಲ. ಕೆಳಗಿದ್ದ ಹೆಂಗಸರಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು.

ಆಗ ಕೋಲಿನ ಸದ್ದು ಕೇಳಿಸಿತು. ಪುಟ್ಟಸಿದ್ದಮ್ಮ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಸೊಸೆಯ ಎದುರಿನ ಕಂಬಕ್ಕೆ ಒರಗಿ, ಅಪ್ಪಾ ಅಮ್ಮಾ ಎನ್ನುತ್ತ ಕೂತು, ತನ್ನ ಕಾಲನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಈಚೆ ಕಂಬದ ಕಡೆಗೆ ಚಾಚಿದಳು. ಸಂದಿ ಏನಾದರೂ ಉಳಿದಿದ್ದರೆ ಅದೂ ಮುಚ್ಚಿತು.

"ಚಿಕ್ಕಯ್ಯ," ಎಂದಳು, "ನಿಂಗೆ ನೀರ್ ಉಯ್ದಿರೋದು ನಾನೇ ಕಣ್ಲಾ, ಈ ಕಾಲಿನ್ ಮ್ಯಾಲೆ ಆಕ್ಕಂಡು. ನಿಮ್ಮವ್ವ ಬಾಣಂತೀಲಿ ಏಳಂಗಿರ್ನಿಲ್ಲ. ದಾಟೋದಾದ್ರೆ ದಾಟು, ನೋಡನ."

ಪ್ರಿಯಾಂಕ ಅಲ್ಲಿಯವರೆಗೆ ತಟ್ಟೆ ಹಿಡಿದು ನೆಲ ನೋಡುತ್ತಿದ್ದಳು. ಈಗ ಮೆಟ್ಟಿಲ ಬುಡಕ್ಕೆ ಬಂದಳು. ತಾಯಿ ಅವಳ ಮುಖ ನೋಡಿದಳು; ಬೈಯುತ್ತಾಳೆಂದುಕೊಂಡಳು. ಪ್ರಿಯಾಂಕ ಎರಡು ಮೆಟ್ಟಿಲು ಹತ್ತಿ, ಬಗ್ಗಿ ತಟ್ಟೆಯನ್ನು ತಾಯಿಯ ಹಿಮ್ಮಡಿಯ ಪಕ್ಕದಲ್ಲಿ ಇಟ್ಟಳು. ಕಾಲಿಗೆ ತಾಗದ ಹಾಗೆ ಒಂದಿಷ್ಟು ಸರಿಸಿದಳು. ಆಮೇಲೆ ಕೊನೆಯ ಮೆಟ್ಟಿಲ ಮೇಲೆ ತಾನೂ ಕೂತಳು.

ಚಿಕ್ಕಯ್ಯನಿಗೆ ಸಕ್ಕರೆ ಕಾಯಿಲೆ. ಅರ್ಧ ಗಂಟೆಗೊಮ್ಮೆ ಅವನು ಬೇವಿನ ಮರದ ಆಚೆ ಹೋಗಿಬರುವುದು ಊರಿಗೆಲ್ಲ ಗೊತ್ತು. ಹತ್ತು ನಿಮಿಷ ಗೋಡೆ ನೋಡುತ್ತ ಕೂತ. ಆಮೇಲೆ ಎದ್ದು ನಿಂತ. ಮತ್ತೆ ಕೂತ. ಶಿವಮಲ್ಲು ಹಲ್ಲು ಕಚ್ಚಿ ನಗು ತಡೆದುಕೊಂಡು, "ಯಜಮಾನ್ರೇ, ಎಲೆ ಬಾಡೋಯ್ತಾವೆ," ಎಂದ.

"ಕಾಲ್ ಎತ್ತಮ್ಮಿ," ಎಂದ ಚಿಕ್ಕಯ್ಯ ಕೊನೆಗೆ. ಅದರಲ್ಲಿ ಅಪ್ಪಣೆ ಇರಲಿಲ್ಲ.

"ವೀಳ್ಯ ಎತ್ತಿ. ನಾನು ಕಾಲ್ ಎತ್ತೀನಿ."

ಅವನು ಬಂದ. ತಟ್ಟೆ ಅವಳ ಕಾಲಿನ ಪಕ್ಕದಲ್ಲಿದ್ದುದರಿಂದ ಬಗ್ಗಲೇಬೇಕಿತ್ತು. ಹೆಗಲ ಟವಲು ಜಾರಿತು, ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಬಗ್ಗಿದ. ಒಂದು ಜೊತೆ ಎಲೆ ಎತ್ತಿಕೊಂಡ. ಕಣ್ಣಿಗೆ ಒತ್ತಿಕೊಳ್ಳುವುದು ಪದ್ಧತಿ. ಅದನ್ನೂ ಮಾಡಿದ, ಅವಸರದಲ್ಲಿ.

ಮರಿತಾಯಮ್ಮ ಮೊದಲು ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಹಿಂದಕ್ಕೆ ತೆಗೆದುಕೊಂಡಳು. ಪುಟ್ಟಸಿದ್ದಮ್ಮ ಅದಕ್ಕಿಂತ ನಿಧಾನವಾಗಿ ಮಡಚಿದಳು. ಚಿಕ್ಕಯ್ಯ ಇಳಿದು ಬೇವಿನ ಮರದ ಕಡೆಗೆ ಹೆಚ್ಚುಕಡಿಮೆ ಓಡಿದ. ಉಳಿದವರು ಒಬ್ಬೊಬ್ಬರಾಗಿ ಯಾರ ಮುಖವನ್ನೂ ನೋಡದೆ ಇಳಿದು ಹೋದರು. ಪುಟ್ಟಮಾದು ಕೆಳಗೆ ಬಿದ್ದಿದ್ದ ಹೆಂಡತಿಯ ನೀಲಿ ಚಪ್ಪಲಿಗಳನ್ನು ಎತ್ತಿ ಮೆಟ್ಟಿಲ ಹತ್ತಿರ ಜೋಡಿಸಿಟ್ಟು, ಡೈರಿಗೆ ಹೊತ್ತಾಯಿತೆಂದು ಹೊರಟ.

ಚಾವಡಿ ಖಾಲಿಯಾಯಿತು.

"ಓಗನ ಅತ್ತೆ," ಎಂದಳು ಮರಿತಾಯಮ್ಮ.

"ಇರಮ್ಮಿ," ಎಂದಳು ಮುದುಕಿ. "ಕಲ್ಲು ತಣ್ಣಗದೆ."

ಮೂವರೂ ಕಾಲು ಚಾಚಿಕೊಂಡು ಕೂತರು.